ಅಧ್ಯಕ್ಷರ ಪತ್ನಿಯರ ಕಂಚಿನ ಪದಕ ಮತ್ತು ಚಾಮರಾಜನಗರದ ಕೆಂಪನಂಜಾಂಬ: ಪರೀಕ್ಷಾ ಟಿಪ್ಪಣಿ

ಅಮೆರಿಕದ 2005ರ ಕಾಯ್ದೆಯಂತೆ ಅಲ್ಲಿನ ಟಂಕಸಾಲೆ 2007ರಿಂದ ಅಧ್ಯಕ್ಷರ ಪತ್ನಿಯರ ಗೌರವಾರ್ಥ ಎರಡು ವಸ್ತುಗಳನ್ನು ಹೊರತಂದಿತು: 10 ಡಾಲರ್ ಮುಖಬೆಲೆಯ ಅರ್ಧ ಔನ್ಸ್ ಚಿನ್ನದ ನಾಣ್ಯ, ಅದೇ ಚಿತ್ರಗಳ ಕಂಚಿನ ಪದಕ. ವ್ಯತ್ಯಾಸ ಲೋಹದ್ದಷ್ಟೇ ಅಲ್ಲ. ನಾಣ್ಯಕ್ಕೆ ಕಾನೂನಿನ ಚಲಾವಣೆ ಉಂಟು, ಪದಕಕ್ಕಿಲ್ಲ. ಇಲ್ಲಿ ಗೌರವ ಸಲ್ಲುವುದು ವ್ಯಕ್ತಿಗಿಂತ ಗಂಡನ ಹುದ್ದೆಗೆ ಎಂದೇ ಹೇಳಬೇಕು. ಜೆಫರ್ಸನ್ ಅವರಂತೆ ಅಧಿಕಾರಾವಧಿಯಲ್ಲಿ ಪತ್ನಿ ಇಲ್ಲದವರ ನಾಣ್ಯದಲ್ಲಿ ಸ್ವಾತಂತ್ರ್ಯದೇವಿಯ ಚಿತ್ರವಿದೆ. ಆರ್ಥರ್ ಅವರ ಸಾಲಿನಲ್ಲಿ ಮಾತ್ರ ಮಹಿಳಾ ಮತದಾನ ಹೋರಾಟಗಾರ್ತಿ ಆಲಿಸ್ ಪಾಲ್ ಇದ್ದಾರಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಅವರಿಗೂ ಜಾಗ ದೊರೆತದ್ದು ಒಬ್ಬ ಅಧ್ಯಕ್ಷರ ಸರದಿಯಲ್ಲೇ.

ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಪದಕದ ಬದಲು ಗುಡಿ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಕಟ್ಟಿಸಿದ್ದು. ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಗುಡಿಯಲ್ಲಿ ತಂದೆ ಖಾಸಾ ಚಾಮರಾಜರ ಹೆಸರಿನ ಚಾಮರಾಜೇಶ್ವರ, ತಾಯಿಯ ಹೆಸರಿನ ಕೆಂಪನಂಜಾಂಬ ಇಬ್ಬರೂ ಇದ್ದಾರೆ. ಇಲ್ಲೂ ರಾಣಿಯ ಹೆಸರು ರಾಜನ ಜೊತೆಗೇ ಬಂದಿದೆ. ಮೈಸೂರಿನ ಕೆಂಪನಂಜಮ್ಮಣ್ಣಿ ಸ್ವತಃ ಆಡಳಿತ ನಡೆಸಲಿಲ್ಲವೇ ಎಂದು ಕೇಳಬಹುದು. ನಡೆಸಿದರು, ಆದರೆ ಅವರು ಬೇರೆ: ವಾಣಿವಿಲಾಸ ಸನ್ನಿಧಾನ, ಹತ್ತನೇ ಚಾಮರಾಜ ಒಡೆಯರ ಪತ್ನಿ, 1895ರಿಂದ 1902ರವರೆಗೆ ರೀಜೆಂಟ್. ಪ್ರಶ್ನೆಪತ್ರಿಕೆಯಲ್ಲಿ ಈ ಇಬ್ಬರು ರಾಣಿಯರನ್ನು, ಇಬ್ಬರು ಚಾಮರಾಜರನ್ನು ಅದಲುಬದಲು ಮಾಡಬೇಡಿ.