ಕಾಯಕವೂ ಜೀತವೂ

ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಪೂಜೆಯ ಮಟ್ಟಕ್ಕೆ ಏರಿಸಿದರು. ಆದರೆ ಎಲ್ಲ ದುಡಿಮೆಯೂ ಕಾಯಕವೆನಿಸದು. ಸ್ವಂತ ಮನಸ್ಸಿನಿಂದ ಕೈಗೊಂಡು, ನ್ಯಾಯವಾದ ಪ್ರತಿಫಲವನ್ನು ಪಡೆದು, ಅದರಲ್ಲಿ ದಾಸೋಹಗೈಯುವುದು ಕಾಯಕ. ವಂಚನೆಯಿಂದಲೋ ಬಲಾತ್ಕಾರದಿಂದಲೋ ಒಬ್ಬರನ್ನು ಒಯ್ದು ದುಡಿಸುವುದು ಮನುಷ್ಯವಿಕ್ರಯ. ಇದನ್ನೇ ಇಂದು ಮಾನವ ಕಳ್ಳಸಾಗಣೆ ಎನ್ನುವರು.

ಈ ಮಾತನ್ನು ಕೇಳಿದೊಡನೆ ಇರುಳಿನಲ್ಲಿ ಮಕ್ಕಳನ್ನು ಕದ್ದೊಯ್ಯುವ ಅಪರಿಚಿತನು ಕಣ್ಮುಂದೆ ನಿಲ್ಲುವನು. ಆದರೆ ಎಷ್ಟೋ ವೇಳೆ ಅವನು ಪರಿಚಿತನಾಗಿಯೇ, ಉಪಕಾರಿಯಾಗಿಯೇ ಬರುವನು. ಮಳೆ ಹೋದ ವರ್ಷವನ್ನೂ ಮನೆಯ ಸಾಲವನ್ನೂ ಅರಿತೇ ಹೊಸ್ತಿಲನ್ನು ಮೆಟ್ಟುವನು. ಮಗಳಿಗೆ ನಗರದಲ್ಲಿ ಮನೆಗೆಲಸ ಅಥವಾ ಖರ್ಚಿಲ್ಲದ ಮದುವೆ. ಮಗನಿಗೆ ಇಟ್ಟಿಗೆ ಭಟ್ಟಿಯಲ್ಲಿ ಕೂಲಿ. ತಂದೆಯ ಕೈಗೆ ಮುಂಗಡ. ಆ ಮುಂಗಡವೇ ಮುಂದೆ ಸಂಕೋಲೆಯಾಗುವುದು.

ನಮ್ಮ ಸಂವಿಧಾನದ ೨೩ನೆಯ ವಿಧಿಯು ಮನುಷ್ಯವಿಕ್ರಯವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದೆ. ೧೯೭೬ರ ಜೀತಪದ್ಧತಿ ರದ್ದತಿ ಕಾಯಿದೆಯು ಜೀತದ ಸಾಲವನ್ನೇ ಅಳಿಸಿಹಾಕಿದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೪೩ನೆಯ ಕಲಮಿನಂತೆ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷಗಳ, ಮಗುವನ್ನು ಸಾಗಿಸಿದರೆ ಕನಿಷ್ಠ ಹತ್ತು ವರ್ಷಗಳ ಕಠಿಣ ಶಿಕ್ಷೆಯುಂಟು. ‘ಅವರೇ ಒಪ್ಪಿ ಬಂದರು’ ಎಂಬ ಸಮರ್ಥನೆಗೆ ಅಲ್ಲಿ ಎಡೆಯಿಲ್ಲ.

ಕಾನೂನು ಇದ್ದರೂ ದೂರು ಹೊರಬೀಳದಂತೆ ತಡೆಯುವುದು ಲೋಕಾಪವಾದದ ಅಂಜಿಕೆ. ‘ಹೋದವಳು ಹೋದಳು, ಮನೆತನದ ಮಾನ ಉಳಿಯಲಿ’ ಎಂದು ತಾಯ್ತಂದೆಗಳು ಮೌನ ತಾಳುವರು. ಬಿಡುಗಡೆಯಾಗಿ ಬಂದವಳನ್ನು ಊರು ಓರೆಗಣ್ಣಿನಿಂದ ನೋಡುವುದು. ೧೨ನೆಯ ಶತಮಾನದಲ್ಲಿ ವೇಶ್ಯಾವೃತ್ತಿಯಲ್ಲಿದ್ದ ಸಂಕವ್ವೆಯನ್ನು ಶರಣರು ತಮ್ಮವಳೆಂದು ಎಣಿಸಿದರು. ಆಕೆಯ ಒಂದು ವಚನವು ಇಂದಿಗೂ ಉಳಿದಿದೆ. ಆ ಪರಂಪರೆಯ ನಾವು ಮೋಸಹೋದವಳಿಗೆ ಬಾಗಿಲು ಮುಚ್ಚುವುದು ಯಾವ ನ್ಯಾಯ?

ಸದ್ಭಕ್ತರು ಮೊದಲು ತಮ್ಮ ಮನೆಯನ್ನೇ ನೋಡಿಕೊಳ್ಳಲಿ. ಪಾತ್ರೆ ತೊಳೆಯುವ ಬಾಲೆಯು ಯಾರ ಮಗಳು? ಅವಳು ಶಾಲೆಯಲ್ಲಿರಬೇಕಾದವಳಲ್ಲವೆ? ಹೊಲದ ಆಳು ತನಗೆ ಬೇಕಾದಾಗ ಕೆಲಸ ಬಿಟ್ಟು ಹೋಗಬಲ್ಲನೆ? ಅನ್ಯರ ದಾಸ್ಯದಿಂದ ಗಳಿಸಿದ ಹಣವು ದಾಸೋಹಕ್ಕೆ ಸಲ್ಲದು.

ಬಳಿಕ ಊರಿನತ್ತ ನೋಡೋಣ. ಮಕ್ಕಳನ್ನು ಪರಸ್ಥಳಕ್ಕೆ ಕಳುಹಿಸುವ ಮುನ್ನ ಕರೆದೊಯ್ಯುವವನ ಹೆಸರು, ವಿಳಾಸ, ಮಾಲಿಕನ ವಿವರಗಳನ್ನು ಬರೆದಿಟ್ಟುಕೊಳ್ಳಬೇಕು. ಸಾಧ್ಯವಾದರೆ ಹೋಗಿ ಕಂಡು ಬರಬೇಕು. ಸಂದೇಹ ಬಂದರೆ ಮಕ್ಕಳಿಗಾಗಿ ೧೦೯೮ಕ್ಕೆ, ಮಹಿಳೆಯರಿಗಾಗಿ ೧೮೧ಕ್ಕೆ, ಪೊಲೀಸರ ನೆರವಿಗೆ ೧೧೨ಕ್ಕೆ ದೂರವಾಣಿ ಮಾಡಬೇಕು. ನೆರೆಮನೆಯ ಮಗು ನಮ್ಮದೇ ಮಗುವೆಂದು ತಿಳಿದು ನಡೆಯುವುದೇ ಇಲ್ಲಿ ನಮ್ಮ ಪಾಲಿನ ಕಾಯಕ.