ಎತ್ತಿಗೂ ಸೋಮವಾರ ಬಿಡುವು



ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಅಂದು ಎತ್ತಿನ ಮೈ ತೊಳೆಯುತ್ತಾರೆ. ನೆರಳಲ್ಲಿ ಕಟ್ಟಿ ಮೇವು ಹಾಕುತ್ತಾರೆ. ಆ ಮೇವು ಹೊತ್ತು ತಂದವರು ಯಾರು? ಕೊಟ್ಟಿಗೆಯ ಸಗಣಿ ಬಾಚುವವರು ಯಾರು? ನಾವೇ. ನಮಗೆ ಯಾವ ವಾರ ಬಿಡುವು?

"ನಾನೇನು ಕೆಲಸ ಮಾಡ್ತೀನಿ, ಮನೇಲೇ ಇರ್ತೀನಿ" ಅಂತ ನಮ್ಮಲ್ಲಿ ಹಲವರು ಹೇಳ್ತೀವಿ. ಲೆಕ್ಕ ಹಾಕಿ ನೋಡೋಣ. ಕೋಳಿ ಕೂಗುವ ಹೊತ್ತಿಗೆ ಏಳ್ತೀವಿ. ಕಸ, ನೀರು, ಅಡುಗೆ. ಮಕ್ಕಳನ್ನು ಶಾಲೆಗೆ ಕಳಿಸಿ ಕೂಲಿಗೆ ಹೋಗ್ತೀವಿ. ಸಂಜೆ ಗಂಡ ಬಂದು ಜಗುಲಿ ಮೇಲೆ ಕೂರ್ತಾರೆ. ಅವರ ಜೊತೆಗೇ ಹೊಲದಿಂದ ಬಂದ ನಾವು ಒಲೆ ಹಚ್ತೀವಿ.

ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ 2024ರಲ್ಲಿ ದೇಶದಲ್ಲೆಲ್ಲ ಕೇಳಿ ಬರೆದುಕೊಂಡಿತು. ಮನೆಕೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಹತ್ತಿರ ಹತ್ತಿರ 5 ಗಂಟೆ. ಮನೆಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಕೈಯನ್ನೇ ಹಾಕದ ಗಂಡಸರು ಈ ಲೆಕ್ಕದಲ್ಲಿ ಇಲ್ಲ! ನಮ್ಮ ಕೂಲಿಯ ಹೊತ್ತೂ ಇದರಲ್ಲಿ ಸೇರಿಲ್ಲ.

ಬಿಡುವು ಸಿಗದಿದ್ದರೆ ಏನಾಗುತ್ತದೆ? ತಲೆ ಸಿಡಿಯುತ್ತದೆ. ನಿದ್ದೆ ಬರುವುದಿಲ್ಲ. ಸಣ್ಣ ಮಾತಿಗೂ ಸಿಟ್ಟು. ಆ ಸಿಟ್ಟು ಮಗುವಿನ ಬೆನ್ನ ಮೇಲೆ ಬೀಳುತ್ತದೆ. ಆಮೇಲೆ ನಾವೇ ಅಳ್ತೀವಿ. ಇದನ್ನು ಗ್ರಹಚಾರ ಅಂತಾರೆ, ಸೋಮಾರಿತನ ಅಂತಾರೆ. ಎರಡೂ ಅಲ್ಲ. ಇದು ದಣಿವು. ಮೈ ದಣಿದ ಹಾಗೆ ಮನಸ್ಸೂ ದಣಿಯುತ್ತದೆ.

ರಕ್ತ ಕಡಿಮೆ ಇದ್ದರೂ ಸುಸ್ತಾಗುತ್ತದೆ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಆದ್ದರಿಂದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಬಿಡುವು ಅಂದರೆ ಯಾವುದು? ಟಿವಿ ಧಾರಾವಾಹಿ ನೋಡ್ತಾ ಅವರೆಕಾಯಿ ಬಿಡಿಸಿದರೆ ಅದು ಬಿಡುವಲ್ಲ. ಅರ್ಧ ಕೆಲಸ. ನಮ್ಮ ಅಜ್ಜಿಯರು ಹಾಡ್ತಾ ಬೀಸುತ್ತಿದ್ದರು. ಹಾಡು ಚೆನ್ನ, ಆದರೆ ಕಲ್ಲು ತಿರುಗಿಸಿದ ತೋಳು ನೋಯದೆ ಇರಲಿಲ್ಲ. ಕೈ ಸುಮ್ಮನಿರಬೇಕು. ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚಿ ಮಲಗಿ. ಪಕ್ಕದ ಮನೆಯವರ ಜೊತೆ ಚೌಕಾಬಾರ ಆಡಿ.

ಇದನ್ನು ಹೇಳಿದಾಗ ನಮ್ಮ ತರಗತಿಯಲ್ಲಿ ಒಬ್ಬ ಅಕ್ಕ ಕೇಳಿದರು: "ಟೀಚರ್, ಅತ್ತೆ ಮುಂದೆ ಸುಮ್ನೆ ಕೂತ್ರೆ ಮಾತು ಬರಲ್ವಾ?"

ಹಿಂದೆ ಕೂತಿದ್ದ ಇನ್ನೊಬ್ಬರು ಅಂದರು: "ಅತ್ತೇನೂ ಕೂರಿಸ್ಕೋ. ಅವರು ಯಾವತ್ತು ಕೂತಿದ್ರು?"

ಎಲ್ಲರೂ ನಕ್ಕರು. ಆದರೆ ಇಬ್ಬರೂ ಕೂತರೆ ಕೆಲಸ ಯಾರು ಮಾಡಬೇಕು? ಮಗ ತನ್ನ ತಟ್ಟೆ ತೊಳೆಯಲಿ. ಗಂಡ ಎರಡು ಕೊಡ ನೀರು ತರಲಿ. ಮಗಳ ಮೇಲೇ ಎಲ್ಲ ಹೊರಿಸಬೇಡಿ, ಅವಳೂ ಓದಬೇಕು.

ಎರಡು ವಾರವಾದರೂ ನಿದ್ದೆ ಇಲ್ಲ, ಯಾವುದೂ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ. ದುಡ್ಡಿಲ್ಲ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ.

ಅಭ್ಯಾಸ

ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಮಾಡಿದ ಕೆಲಸ ಬರೆಯಿರಿ. ಪ್ರತಿ ಕೆಲಸದ ಎದುರು ಎಷ್ಟು ಹೊತ್ತು ಅಂತ ಬರೆಯಿರಿ. ಮನೆಯ ಬೇರೆಯವರು ಮಾಡಬಹುದಾದ ಒಂದು ಕೆಲಸಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಅವರ ಹೆಸರು ಬರೆಯಿರಿ. ರಾತ್ರಿ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿ ಹೇಳಿ.