ಕರುಳಿನ ಕೋಶದ ಎರಡು ಬದಿಗಳು

ಶಿವಮೊಗ್ಗದಲ್ಲೂ ಹೊಸಮನೆ ಎಂಬ ಬಡಾವಣೆ ಇದೆ, ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ. ಒಂದು ತುಂಗೆಯ ಊರಿನದು, ಇನ್ನೊಂದು ಭದ್ರೆಯ ಊರಿನದು. ನೀವು ಯಾವ ಹೊಸಮನೆಯವರಾದರೂ ಮಳೆಗಾಲದಲ್ಲಿ ‘ನೀರು ಕಾಯಿಸಿ ಕುಡಿಯಿರಿ’ ಎಂಬ ಹಿರಿಯರ ಮಾತನ್ನು ಕೇಳಿರುತ್ತೀರಿ. ಟೈಫಾಯ್ಡ್ ಜ್ವರದ ಹೆಸರನ್ನೂ ಅದಕ್ಕೆ ಮಾಡಿಸುವ ವೈಡಲ್ ಪರೀಕ್ಷೆಯ ಹೆಸರನ್ನೂ ಕೇಳಿರುತ್ತೀರಿ. ಆ ಜ್ವರದ ರೋಗಾಣು ಕರುಳನ್ನು ದಾಟುವಾಗ ನಮ್ಮ ಮೈ ಅದನ್ನು ಹೇಗೆ ಗುರುತಿಸುತ್ತದೆ, ಕೆಲವೊಮ್ಮೆ ಏಕೆ ಗುರುತಿಸುವುದಿಲ್ಲ ಎಂಬುದನ್ನು ನಿಧಾನವಾಗಿ ನೋಡೋಣ. ನೀವು ಜೀವಶಾಸ್ತ್ರ ಓದಿರಬೇಕಾಗಿಲ್ಲ, ಕುತೂಹಲವಿದ್ದರೆ ಸಾಕು.

ಮೊದಲು ಅಡಿಪಾಯ. ಕರುಳಿನ ಒಳಮೈಯನ್ನು ಒಂದೇ ಒಂದು ಪದರದ ಜೀವಕೋಶಗಳು ಹೊದ್ದಿವೆ. ದೇಹದ ಮೇಲ್ಮೈಗಳನ್ನು ಹೀಗೆ ಹೊದೆಯುವ ಕೋಶಗಳಿಗೆ ಅನುಲೇಪಕ ಕೋಶಗಳು ಎಂದು ಹೆಸರು. ಕರುಳಿನಲ್ಲಿ ಇವುಗಳಲ್ಲಿ ಹೆಚ್ಚಿನವುಗಳ ಆಯುಷ್ಯ ಮೂರರಿಂದ ಐದು ದಿನ ಮಾತ್ರ. ಹಳೆಯವು ಉದುರುತ್ತವೆ, ಹೊಸವು ಹುಟ್ಟುತ್ತವೆ. ಈ ತೆಳು ಪದರದ ಒಂದು ಕಡೆ ನಾವು ತಿಂದ ಅನ್ನ ಮತ್ತು ಬ್ಯಾಕ್ಟೀರಿಯಾಗಳಿವೆ. ಇನ್ನೊಂದು ಕಡೆ ರಕ್ತನಾಳಗಳು ಮತ್ತು ರೋಗನಿರೋಧಕ ಕೋಶಗಳಿವೆ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು 2016ರ ಅಂದಾಜು. ಬಹುಪಾಲು ದೊಡ್ಡ ಕರುಳಿನಲ್ಲೇ ಇವೆ, ಮತ್ತು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಈಗ ಎರಡನೆಯ ಹೆಜ್ಜೆ. ಈ ಕೋಶದ ಎರಡು ಬದಿಗಳು ಒಂದೇ ಬಗೆಯವಲ್ಲ. ಅನ್ನದ ಕಡೆಗಿರುವ ಮೇಲ್ಬದಿಯಲ್ಲಿ ಪೋಷಕಾಂಶ ಹೀರುವ ಸೂಕ್ಷ್ಮ ಚಾಚುಗಳಿವೆ. ರಕ್ತದ ಕಡೆಗಿರುವ ಕೆಳಬದಿಯಲ್ಲಿ ಬೇರೆ ಪ್ರೋಟೀನುಗಳಿವೆ. ಅಕ್ಕಪಕ್ಕದ ಕೋಶಗಳನ್ನು ಮೇಲ್ತುದಿಯ ಹತ್ತಿರ ಬಿಗಿ ಬೆಸುಗೆಗಳು ಸುತ್ತಲೂ ಜೋಡಿಸಿ, ನಡುವಿನ ಸಂದಿಯನ್ನು ಮುಚ್ಚುತ್ತವೆ. ಮೇಲಿನ ಪ್ರೋಟೀನು ಕೆಳಗಿನದರೊಡನೆ ಬೆರೆಯದಂತೆ ತಡೆಯಲೂ ಅವು ನೆರವಾಗುತ್ತವೆ. ಒಂದೇ ಕೋಶದ ಎರಡು ಬದಿಗಳು ರಚನೆಯಲ್ಲೂ ಕೆಲಸದಲ್ಲೂ ಹೀಗೆ ಬೇರೆಯಾಗಿರುವುದೇ ಧ್ರುವೀಯತೆ.

ಇದರಿಂದ ಏನು ಪ್ರಯೋಜನ? ಹಲವು ಬ್ಯಾಕ್ಟೀರಿಯಾಗಳು ಕಶಾಂಗ ಎಂಬ ಎಳೆಯನ್ನು ತಿರುಗಿಸುತ್ತ ಈಜುತ್ತವೆ. ಆ ಎಳೆ ಫ್ಲಾಜೆಲಿನ್ ಎಂಬ ಪ್ರೋಟೀನಿನಿಂದಾದದ್ದು. ಸಾಧುವಾದ ಬ್ಯಾಕ್ಟೀರಿಯಾದಲ್ಲೂ ಅದಿರಬಹುದು, ರೋಗಾಣುವಿನಲ್ಲೂ ಇರಬಹುದು. ಫ್ಲಾಜೆಲಿನ್ ಕಂಡಾಗಲೆಲ್ಲ ಕೋಶ ಎಚ್ಚರಿಕೆ ಕೊಟ್ಟರೆ ಕರುಳಿಗೆ ಸದಾ ಉರಿಯೂತ. ಫ್ಲಾಜೆಲಿನನ್ನು ಗುರುತಿಸುವ ಗ್ರಾಹಿ, ಅಂದರೆ ಅದು ತಾಗಿದರೆ ಕೋಶದೊಳಗೆ ಸುದ್ದಿ ಮುಟ್ಟಿಸುವ ಪ್ರೋಟೀನು, ಟಿಎಲ್‌ಆರ್-5 ಎಂಬುದು 2001ರಲ್ಲಿ ತಿಳಿಯಿತು. ಅದೇ ವರ್ಷ ಆಂಡ್ರ್ಯೂ ಗೆವಿರ್ಟ್ಸ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕರುಳಿನ ಕೋಶಗಳ ಮೇಲ್ಬದಿಗೆ ಫ್ಲಾಜೆಲಿನ್ ಹಾಕಿದಾಗ ಕೋಶ ಸುಮ್ಮನಿತ್ತು. ಕೆಳಬದಿಗೆ ಹಾಕಿದಾಗ ಎಚ್ಚರಿಕೆ ಕೊಟ್ಟಿತು. ಗ್ರಾಹಿ ಇದ್ದದ್ದು ಕೆಳಬದಿಯಲ್ಲಿ. ಬೀದಿಯಲ್ಲಿ ಹೋಗುವ ಅಪರಿಚಿತನನ್ನು ಕಂಡು ನಾವು ಕೂಗುವುದಿಲ್ಲ. ಅವನೇ ನಡುರಾತ್ರಿ ನಡುಮನೆಯಲ್ಲಿ ಕಂಡರೆ ಕೂಗುತ್ತೇವೆ. ಕೋಶವೂ ಬಂದವರು ಯಾರು ಎಂಬುದರ ಜೊತೆಗೆ ಎಲ್ಲಿಗೆ ಬಂದಿದ್ದಾರೆ ಎಂಬುದನ್ನೂ ನೋಡುತ್ತದೆ.

ಎಚ್ಚರಿಕೆಗೂ ದಿಕ್ಕಿದೆ. ಕೋಶ ಐಎಲ್-8 ಎಂಬ ರಾಸಾಯನಿಕ ಸಂದೇಶವನ್ನು ಮುಖ್ಯವಾಗಿ ಕೆಳಬದಿಯಿಂದ ಬಿಡುತ್ತದೆ. ಆಗ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ರಕ್ತದಿಂದ ಅಲ್ಲಿಗೆ ಧಾವಿಸುತ್ತವೆ. ಐಜಿಎ ಎಂಬ ಪ್ರತಿಕಾಯದ ದಾರಿ ಇದಕ್ಕೆ ತದ್ವಿರುದ್ಧ: ಪದರದ ಕೆಳಗೆ ತಯಾರಾಗುವ ಅದನ್ನು ಕೋಶ ಕೆಳಬದಿಯಲ್ಲಿ ಹಿಡಿದು, ತನ್ನೊಳಗಿನಿಂದ ಸಾಗಿಸಿ, ಮೇಲ್ಬದಿಯಲ್ಲಿ ಬಿಡುತ್ತದೆ.

ಇನ್ನು ಟೈಫಾಯ್ಡ್‌ಗೆ ಬರೋಣ. ಇದರ ರೋಗಾಣು ಸಾಲ್ಮೊನೆಲ್ಲಾ ಟೈಫಿ. ಇದರ ಹತ್ತಿರದ ಬಂಧು ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಕರುಳನ್ನು ಹೊಕ್ಕಾಗ ಎಚ್ಚರಿಕೆ ಜೋರಾಗಿ ಮೊಳಗುತ್ತದೆ. ಬಹಳ ಸಲ ಒಂದೆರಡು ದಿನದಲ್ಲೇ ಭೇದಿ ಶುರುವಾಗುತ್ತದೆ. ಟೈಫಿ ಹಾಗಲ್ಲ. ಕರುಳಿನ ಟೊಳ್ಳಿಗಿಂತ ಅಂಗಾಂಶದೊಳಗೆ ಲವಣಗಳ ಸಾಂದ್ರತೆ ಕಡಿಮೆ. ಈ ವ್ಯತ್ಯಾಸದಿಂದಲೇ ಒಳಗೆ ಬಂದೆನೆಂದು ಅದು ಗ್ರಹಿಸುತ್ತದೆ. ಆಗ ಅದರ ಟಿವಿಐಎ ಎಂಬ ಪ್ರೋಟೀನು ಫ್ಲಾಜೆಲಿನ್ ತಯಾರಿಕೆಯನ್ನು ತಗ್ಗಿಸಿ, ವಿಐ ಎಂಬ ಸಕ್ಕರೆಯ ಹೊದಿಕೆಯನ್ನು ಹೊದಿಸುತ್ತದೆ. ಕೆಳಬದಿಯ ಗ್ರಾಹಿಗೆ ಸಿಗುವ ಸುಳಿವು ಕಡಿಮೆಯಾಗುತ್ತದೆ. ಟೈಫಿ ಮೊದಲ ಒಂದೆರಡು ವಾರ ಹೆಚ್ಚಿನ ಸದ್ದಿಲ್ಲದೆ ಒಳಗೆ ಹರಡಿ, ಆಮೇಲೆ ಜ್ವರವಾಗಿ ಕಾಣಿಸಿಕೊಳ್ಳಲು ಇದೊಂದು ಮುಖ್ಯ ಕಾರಣ.

ಆದರೆ ಅಡಗಿಸುವ ಆ ಹೊದಿಕೆಯೇ ಅದರ ಗುರುತೂ ಆಗಬಲ್ಲದು. ವಿಐ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಜೋಡಿಸಿ ತಯಾರಿಸಿದ ಲಸಿಕೆಗೆ, ಹೈದರಾಬಾದಿನ ಭಾರತ್ ಬಯೋಟೆಕ್‌ನ ಟೈಪ್‌ಬಾರ್ ಟಿಸಿವಿಗೆ, ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮಾನ್ಯತೆ ನೀಡಿತು. ಆರು ತಿಂಗಳ ಮಗುವಿನಿಂದಲೇ ಇದನ್ನು ಕೊಡಬಹುದು. ನಿಮ್ಮ ವೈದ್ಯರನ್ನು ವಿಚಾರಿಸಿ.

ಕಲಿತದ್ದನ್ನು ಕಾಲರಾಕ್ಕೆ ಅನ್ವಯಿಸಿ ನೋಡಿ. ಅದರ ಬ್ಯಾಕ್ಟೀರಿಯಾ ಪದರವನ್ನು ದಾಟುವುದೇ ಇಲ್ಲ. ಅದು ಬಿಡುವ ವಿಷ ಮೇಲ್ಬದಿಯ ಕ್ಲೋರೈಡ್ ದಾರಿಯನ್ನು ತೆರೆಸಿ ಉಪ್ಪುನೀರನ್ನು ಹೊರಗೆ ಹರಿಸುತ್ತದೆ. ಹಾಗಾಗಿ ಅಲ್ಲಿ ಜ್ವರಕ್ಕಿಂತ ನಿರ್ಜಲೀಕರಣವೇ ಅಪಾಯ. ಸಕ್ಕರೆ ಮತ್ತು ಸೋಡಿಯಂ ಅನ್ನು ಒಟ್ಟಿಗೆ ಒಳಗೆಳೆಯುವ ಇನ್ನೊಂದು ದಾರಿಯೂ ಮೇಲ್ಬದಿಯಲ್ಲೇ ಇದೆ, ಆ ವಿಷ ಅದನ್ನು ಕೆಡಿಸುವುದಿಲ್ಲ. ಓಆರ್‌ಎಸ್ ಕೆಲಸ ಮಾಡುವುದು ಆ ದಾರಿಯಿಂದ. ಮುಂದೆ ಯಾವುದೇ ಕರುಳಿನ ಸೋಂಕಿನ ಬಗ್ಗೆ ಓದಿದರೂ, ಅದು ಕೋಶದ ಯಾವ ಬದಿಯಲ್ಲಿ ನಡೆಯುತ್ತಿದೆ ಎಂದು ಮೊದಲು ಕೇಳಿಕೊಳ್ಳಿ. ರೋಗದ ಲಕ್ಷಣವೂ ಚಿಕಿತ್ಸೆಯ ತರ್ಕವೂ ಆ ಪ್ರಶ್ನೆಯಿಂದಲೇ ತಿಳಿಯಾಗತೊಡಗುತ್ತವೆ.